ಮಡಿಕೇರಿಗೂ ಬೇಕು ಊರು ತೋರಿಸುವವರು

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ನಿಮ್ಮ ಈ ಅಂಕಣದಲ್ಲಿ ಮಡಿಕೇರಿಯ ಪಾರ್ಕಿಂಗ್ ಬಗ್ಗೆ ಒಂದಾದರೂ ಪತ್ರ ಇರುತ್ತದೆ. ವಾಹನ ಜಾಸ್ತಿ, ಜಾಗ ಕಡಿಮೆ, ರಾಜಾಸೀಟ್ ಹತ್ತಿರ ನಡೆದಾಡುವುದಕ್ಕೂ ಆಗುವುದಿಲ್ಲ ಎಂದು. ಎಲ್ಲ ನಿಜ. ನಾನು ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಜೀಪು ಚಾಲಕ. ಆ ಗಲಾಟೆಯಲ್ಲಿ ನನ್ನ ಗಾಡಿಯ ಹೊಗೆಯೂ ಇದೆ. ಆದರೆ ಈ ಪತ್ರ ಸೈಕಲ್ ಬಗ್ಗೆ. ಅದೂ ಬೆಂಗಳೂರಿನ ಸೈಕಲ್ ಬಗ್ಗೆ. ಕೊಡಗಿನ ಪತ್ರಿಕೆಗೆ ಯಾಕೆ ಅಂತ ಕೇಳಬೇಡಿ, ಹೇಳುತ್ತೇನೆ.

ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಅವಳ ಮನೆಗೆ ಹೋದಾಗ, ಹಳೇ ಪೇಟೆಯನ್ನು ಸೈಕಲ್ ಮೇಲೆ ತೋರಿಸುವ ಒಂದು ಟೂರಿಗೆ ನನ್ನ ಹೆಸರನ್ನೂ ಬರೆಸಿಬಿಟ್ಟಿದ್ದಳು. ನನಗೆ ಐವತ್ತು ದಾಟಿದೆ. ಸೈಕಲ್ ಬಿಟ್ಟು ಎಷ್ಟೋ ವರ್ಷ ಆಯಿತು. ತಲೆಗೆ ಅವರು ತೆಗೆದುಕೊಳ್ಳುವ ದರ ಕೇಳಿ ಇನ್ನೂ ಬೇಜಾರಾಯಿತು. ಮಾಂದಲಪಟ್ಟಿ ಜೀಪಿನಲ್ಲಿ ಒಬ್ಬರ ಪಾಲಿಗೆ ಬರುವುದಕ್ಕಿಂತ ಜಾಸ್ತಿ! ನಾವು ಡೀಸೆಲ್ ಸುಟ್ಟು, ಟೈರ್ ಸವೆಸಿ, ಕಲ್ಲುದಾರಿಯಲ್ಲಿ ಸೊಂಟ ಮುರಿದುಕೊಂಡು ದುಡಿಯುವುದಕ್ಕಿಂತ, ಜನರ ಕೈಯಲ್ಲೇ ಪೆಡಲ್ ತುಳಿಸಿ ಇವರು ಜಾಸ್ತಿ ದುಡಿಯುತ್ತಾರಲ್ಲ ಅನ್ನಿಸಿತು. ಏನು ಮಾರುತ್ತಾರೆ ನೋಡೋಣ ಅಂತಲೇ ಹೋದೆ.

ಬೆಳಿಗ್ಗೆ ಆರೂವರೆಗೆ ಶುರು. ದಿನ ಭಾನುವಾರ. ಚಿಕ್ಕಪೇಟೆ ಸುತ್ತಮುತ್ತಲಿನ ಅಂಗಡಿಗಳಿಗೆ ಅಂದು ರಜೆ, ಗಲ್ಲಿಗಳು ಖಾಲಿ. ಉಳಿದ ದಿನಗಳಲ್ಲಿ ಸೈಕಲ್ ಇರಲಿ, ಕಾಲಿಡುವುದಕ್ಕೂ ಅಲ್ಲಿ ಜಾಗ ಇರುವುದಿಲ್ಲ. ನಮ್ಮ ಗುಂಪಿನಲ್ಲಿ ಹೆಚ್ಚಿನವರು ಐಟಿ ಹುಡುಗ ಹುಡುಗಿಯರು, ಒಂದು ವಿದೇಶಿ ಜೋಡಿ, ನಾನು, ನನ್ನ ಮಗಳು. ತೋರಿಸುವವರು ಇಬ್ಬರು. ಮುಂದೆ ಒಬ್ಬ ಹುಡುಗ, ಹಿಂದೆ ಒಬ್ಬಳು ಹುಡುಗಿ. ಹುಡುಗ ಬಳೇಪೇಟೆಯಲ್ಲೇ ಹುಟ್ಟಿ ಬೆಳೆದವನು.

ನಾನು ಚಾಲಕ, ಹಾಗಾಗಿ ನನ್ನ ಕಣ್ಣು ಮೊದಲು ಹೋದದ್ದು ಅವರು ಜನರನ್ನು ಹೇಗೆ ಕರೆದುಕೊಂಡು ಹೋಗುತ್ತಾರೆ ಅನ್ನುವುದರ ಮೇಲೆ. ಹೊರಡುವ ಮೊದಲು ಪ್ರತಿಯೊಬ್ಬರ ಸೀಟಿನ ಎತ್ತರ ಸರಿ ಮಾಡಿದರು. ಎರಡೂ ಬ್ರೇಕ್ ಹಿಡಿದು ನೋಡಿದರು. ಮಾರ್ಕೆಟ್ ಹತ್ತಿರ ನೆಲದ ಮೇಲೆ ಸೊಪ್ಪು, ಹೂವಿನ ಕಸ ಬಿದ್ದು ಜಾರುತ್ತದೆ, ಅಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಡಿ ಎಂದರು. ಎಲ್ಲರೂ ಒಬ್ಬರ ಹಿಂದೆ ಒಬ್ಬರು. ತಿರುವು ಬಂದಾಗ ಮುಂದಿನವನ ಹಿಂದೆ ಇರುವವರು ಮೂಲೆಯಲ್ಲಿ ನಿಂತುಕೊಳ್ಳಬೇಕು, ಕೊನೆಯ ಸೈಕಲ್ ಬರುವವರೆಗೆ ಅಲ್ಲಾಡಬಾರದು. ಎಷ್ಟು ಸುಲಭದ ಉಪಾಯ ನೋಡಿ. ನಾವು ಮಂಜಿನಲ್ಲಿ ಸಾಲಾಗಿ ಜೀಪು ಬಿಡುವಾಗ ಕವಲುದಾರಿಯಲ್ಲಿ ಹಿಂದಿನವನು ಎಲ್ಲಿ ಹೋದ ಅಂತ ಹಾರ್ನ್ ಹೊಡೆದು ಹುಡುಕುತ್ತೇವೆ. ಇನ್ನೊಂದು ಮಾತು ಹೇಳಿದ ಆ ಹುಡುಗ: ಕೈಗಾಡಿ ತಳ್ಳುವವರು, ತಲೆ ಮೇಲೆ ಹೊರೆ ಹೊತ್ತವರು ಎದುರು ಬಂದರೆ ಇಳಿದು ದಾರಿ ಬಿಡಬೇಕು, ಅವರು ದುಡಿಯೋಕೆ ಬಂದವರು, ನಾವು ಸುಮ್ನೆ ನೋಡೋಕೆ ಬಂದವರು. ನನಗೆ ಅವನ ಮೇಲೆ ಗೌರವ ಬಂದದ್ದು ಅಲ್ಲೇ.

ಮೊದಲು ಕೆ.ಆರ್. ಮಾರುಕಟ್ಟೆ. ಸೈಕಲ್‌ಗಳನ್ನು ಹೊರಗೆ ನಿಲ್ಲಿಸಿ ಒಳಗೆ ನಡೆದು ಹೋದೆವು. ಕನಕಾಂಬರ, ಸೇವಂತಿಗೆ, ಚೆಂಡು ಹೂ, ಗುಲಾಬಿ ಎಲ್ಲ ಗುಡ್ಡೆ ಗುಡ್ಡೆ. ಮಾರುವವರ ಕೂಗು ಬೇರೆ. ಮೇಲಿನ ಅಂತಸ್ತಿಗೆ ಹತ್ತಿ ಕೆಳಗೆ ನೋಡಿ ಎಂದ. ಹುಡುಗರೆಲ್ಲ ಫೋನ್ ಹಿಡಿದು ನಿಂತರು. ನಾನು ಬಗ್ಗಿ ನೋಡುತ್ತಿದ್ದಾಗ ಅವನು ಪಕ್ಕಕ್ಕೆ ಬಂದು, ಯಾವೂರು ಸಾರ್ ಎಂದು ಕೇಳಿದ. ಮಡಿಕೇರಿ ಎಂದೆ. ಹಾಗಾದರೆ ಇದು ನಿಮಗೆ ಹೇಳಲೇಬೇಕು ಅಂತ ಶುರು ಮಾಡಿದ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ತಯಾರಿಸಲು ಶುರು ಮಾಡಿದರು. ಮೊದಲು ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೂ ಬಂತು, ಈ ಪೇಟೆ ಬೀದಿಗಳಲ್ಲಿ ವಿದ್ಯುತ್ ದೀಪ ಉರಿಯಿತು. ಈ ಮಾರುಕಟ್ಟೆ ಕಟ್ಟಡ ಆಮೇಲಿನದು, 1921ರದು. ಅದೇ ಹೊಳೆಯ ನೀರು ನಲ್ಲಿಯಲ್ಲಿ ಬಂದದ್ದು 1970ರ ದಶಕದಲ್ಲಿ. ನಿಮ್ಮೂರ ನೀರು ಇಲ್ಲಿಗೆ ಮೊದಲು ಬೆಳಕಾಗಿ ಬಂತು ಸಾರ್, ಕುಡಿಯೋಕೆ ಬಂದದ್ದು ಆಮೇಲೆ ಎಂದ.

ತಲಕಾವೇರಿಗೆ ಎಷ್ಟು ಜನರನ್ನು ಕರೆದುಕೊಂಡು ಹೋಗಿದ್ದೇನೋ ಲೆಕ್ಕ ಇಲ್ಲ. ಬೆಂಗಳೂರಿನಿಂದ ಬಂದವರೇ ಹೆಚ್ಚು. ಒಬ್ಬರಿಗೂ ಈ ಮಾತು ಹೇಳಬೇಕು ಅಂತ ನನಗೆ ಹೊಳೆದಿರಲಿಲ್ಲ. ಬಂದವರು ಯಾವ ಊರಿನವರು ಅಂತ ತಿಳಿದುಕೊಂಡು, ಆ ಊರಿನ ಎಳೆಯನ್ನೇ ಹಿಡಿದು ಕಥೆ ಹೇಳುವುದು ಒಂದು ಕಸುಬು. ಕಲಿತರೆ ಬರುವ ಕಸುಬು.

ಅವನು ಅದನ್ನು ದಾರಿಯುದ್ದಕ್ಕೂ ಮಾಡಿದ. ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚ್ ಇದೆ. ಹಳೇ ಪುಸ್ತಕದ ಅಂಗಡಿಗಳ ನಡುವೆ ಸುಮ್ಮನೆ ದಾಟಿ ಹೋಗುವಂಥ ಕಟ್ಟಡ. ಪಾದ್ರಿ ರೈಸ್ ಅವರ ಹೆಸರಿನದು. ಅವರ ಮಗ ಬಿ.ಎಲ್. ರೈಸ್. ಬೆಂಗಳೂರಿನಲ್ಲೇ ಹುಟ್ಟಿದವರು, ಮೈಸೂರು ಸೀಮೆಯ ಊರೂರು ತಿರುಗಿ ಶಾಸನ ಹುಡುಕಿದವರು. ಅವರು ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಮೊದಲನೆಯದು ಯಾವುದು ಗೊತ್ತೇ? ಕೊಡಗಿನ ಶಾಸನಗಳು. 1886ರಲ್ಲಿ ಬಂತು. ಇದನ್ನು ಹೇಳಿ ಹುಡುಗ ನನ್ನ ಕಡೆ ಕೈ ತೋರಿಸಿದ. ಎಲ್ಲರೂ ತಿರುಗಿ ನನ್ನನ್ನು ನೋಡಿದರು, ಆ ಶಾಸನ ನಾನೇ ಕೆತ್ತಿದ ಹಾಗೆ.

ಅದಕ್ಕೂ ಮೊದಲು ಕೋಟೆ ನೋಡಿದ್ದೆವು. ಕೆಂಪೇಗೌಡರ ಕಾಲದಲ್ಲಿ ಮಣ್ಣಿನದು, ಆಮೇಲೆ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ್ದು. ಈಗ ಉಳಿದಿರುವುದು ಡೆಲ್ಲಿ ಗೇಟ್ ಕಡೆಯ ಒಂದು ತುಂಡು ಮಾತ್ರ. 1791ರ ಮಾರ್ಚ್ 21ರಂದು, ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆ ಒಡೆದು ಒಳಗೆ ನುಗ್ಗಿದ ಜಾಗಕ್ಕೆ ಒಂದು ಫಲಕ ಇದೆ. ಟಿಪ್ಪು ಹೆಸರು ಬಂದರೆ ನಮ್ಮ ಜಿಲ್ಲೆಯಲ್ಲಿ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನಿಮಗೆ ಗೊತ್ತಿದೆ. ಈ ಹುಡುಗ ಏನು ಮಾಡುತ್ತಾನೆ ಅಂತ ನಾನು ಕಾದೆ. ಯಾರು ಕಟ್ಟಿಸಿದರು, ಯಾರು ಒಡೆದರು, ಯಾವ ವರ್ಷ, ಯಾವ ಕಡೆಯಿಂದ ಬಂದರು, ಇಷ್ಟು ಹೇಳಿದ. ಆಗ ಕೊಡಗಿನ ದೊಡ್ಡವೀರರಾಜೇಂದ್ರ ಬ್ರಿಟಿಷರ ಕಡೆಗಿದ್ದ, ಬಾಂಬೆ ಸೈನ್ಯ ನಮ್ಮ ಕೊಡಗನ್ನು ದಾಟಿಯೇ ಶ್ರೀರಂಗಪಟ್ಟಣದ ಕಡೆಗೆ ಹೋದದ್ದು ಅಂತ ನಾನು ಸೇರಿಸಿದೆ. ಹೌದಾ ಸಾರ್ ಅಂದ, ಬರೆದುಕೊಂಡ. ಗುಂಪಿನಲ್ಲಿ ಎಲ್ಲ ಥರದ ಜನ ಇದ್ದರು. ಯಾರ ಮುಖವೂ ಕೆಡಲಿಲ್ಲ. ಈ ಜಾಣತನ ಪುಸ್ತಕದಿಂದ ಬರುವುದಿಲ್ಲ, ದಿನಾ ಜನರ ಜೊತೆ ಹೆಣಗಿದವರಿಗೆ ಮಾತ್ರ ಬರುತ್ತದೆ.

ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಂತೆವು. ಬೆಂಗಳೂರು ಕರಗ ಹೊರಡುವುದು ಇಲ್ಲಿಂದ, ಚೈತ್ರದ ಹುಣ್ಣಿಮೆಯ ರಾತ್ರಿ. ತಿಗಳ ಸಮುದಾಯದವರು ಹೊರುತ್ತಾರೆ, ಕತ್ತಿ ಹಿಡಿದ ವೀರಕುಮಾರರು ಜೊತೆಗಿರುತ್ತಾರೆ. ರಾತ್ರಿಯಿಡೀ ಪೇಟೆ ಸುತ್ತುವಾಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ನಮ್ಮಲ್ಲಿ ನಾಲ್ಕು ಕರಗ, ದಸರಾ ಶುರುವಾಗುವುದೇ ಅವು ಹೊರಟ ಮೇಲೆ ಎಂದು ನಾನು ಹೇಳಿದೆ. ಕೋಟೆ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ದಂಡಿನ ಮಾರಿಯಮ್ಮ, ಚೌಟಿ ಮಾರಿಯಮ್ಮ ಅಂತ ಹೆಸರೂ ಹೇಳಿದೆ. ಗುಂಪಿನ ಒಬ್ಬ ಹುಡುಗಿ, ಅಂಕಲ್, ನಾನು ಮಡಿಕೇರಿಗೆ ತುಂಬ ಸಲ ಬಂದಿದ್ದೇನೆ, ಇದನ್ನು ಯಾರೂ ಹೇಳಲೇ ಇಲ್ಲ ಎಂದಳು. ನೀವೇನು ನೋಡಿದಿರಿ ಎಂದು ಕೇಳಿದೆ. ಅಬ್ಬಿ, ರಾಜಾಸೀಟ್, ಮಾಂದಲಪಟ್ಟಿ, ದುಬಾರೆ, ಗೋಲ್ಡನ್ ಟೆಂಪಲ್. ಪಟ್ಟಿ ನನ್ನ ಜೀಪಿನ ಹಿಂದೆ ಅಂಟಿಸಿರುವುದೇ.

ಮುಂದೆ ಚಿಕ್ಕಪೇಟೆ, ದೊಡ್ಡಪೇಟೆ ಕೂಡುವ ಜಾಗ. ದೊಡ್ಡಪೇಟೆ ಅಂದರೆ ಈಗಿನ ಅವೆನ್ಯೂ ರಸ್ತೆಯೇ. 1537ರಲ್ಲಿ ಊರು ಕಟ್ಟುವಾಗ ಕೆಂಪೇಗೌಡರು ಇಲ್ಲಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದರು, ಆ ಸಾಲುಗಳೇ ಬೀದಿಗಳಾದವು ಎಂಬ ಕಥೆ ಇದೆ. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಎತ್ತಿನ ಗಾಡಿಯ ಅಳತೆಗೆ ಬಿಟ್ಟ ದಾರಿ. ಅಲ್ಲಿ ಕಾರು ಹೋದರೆ ಸಿಕ್ಕಿಹಾಕಿಕೊಳ್ಳುತ್ತದೆ, ನಡೆದು ಹೋದರೆ ಬಿಸಿಲೇರುವುದರೊಳಗೆ ಅರ್ಧವೂ ಮುಗಿಯುವುದಿಲ್ಲ. ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ಬಳೇಪೇಟೆಯಲ್ಲಿ ವಾದ್ಯದ ಅಂಗಡಿಗಳ ಸಾಲು ಇದೆ, ಹುಡುಗನ ಪರಿಚಯದವರೊಬ್ಬರು ಮನೆಯಿಂದ ಇಳಿದು ಬಂದು ಶಟರ್ ಅರ್ಧ ಎತ್ತಿ ತಬಲ, ವೀಣೆ ತೋರಿಸಿದರು. ಕೊನೆಗೆ ಮೆಜೆಸ್ಟಿಕ್ ಕಡೆಗೆ ಕೈ ತೋರಿಸಿ, ಆ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂದ. ನಮ್ಮ ಜಿಲ್ಲೆಗೆ ರೈಲಿಲ್ಲ. ಬೆಂಗಳೂರು ಅಂದರೆ ನಮಗೆ ಬಸ್ಸೇ. ಇಷ್ಟು ವರ್ಷ ಕೆರೆಯೊಳಗೆ ಇಳಿಯುತ್ತಿದ್ದೆವು ಅಂತಾಯಿತು.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳುವುದಿಲ್ಲ. ಫೋಟೋಗೆ ನಿಲ್ಲುವುದು ಅತಿಯಾಯಿತು. ಭಾನುವಾರ ಆದದ್ದರಿಂದ ಪೇಟೆ ಅಂದರೆ ಮುಚ್ಚಿದ ಶಟರುಗಳ ಪೇಟೆ, ವ್ಯಾಪಾರದ ಗಡಿಬಿಡಿ ನೋಡಬೇಕಾದರೆ ವಾರದ ದಿನ ಕಾಲ್ನಡಿಗೆಯಲ್ಲೇ ಬರಬೇಕು. ಮಾತು ಪೂರ್ತಿ ಇಂಗ್ಲಿಷಿನಲ್ಲಿ. ನನಗಾಗಿ ಪಕ್ಕಕ್ಕೆ ಬಂದು ಕನ್ನಡದಲ್ಲಿ ಹೇಳಿದ ನಿಜ, ಆದರೆ ಕನ್ನಡದ ಊರನ್ನು ಕನ್ನಡದವನಿಗೆ ಪಕ್ಕಕ್ಕೆ ಕರೆದು ತೋರಿಸುವುದು ಏನು ಚೆಂದ? ವಾರಕ್ಕೊಂದು ಕನ್ನಡದ ಟೂರ್ ಇಡಿ ಎಂದು ಹೇಳಿ ಬಂದಿದ್ದೇನೆ. ಕಾಫಿಯ ವಿಷಯ ಬೇಡ. ಚಿಕೋರಿ ಜಾಸ್ತಿ. ದೇಶದಲ್ಲೇ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯವನಿಗೆ ಅದು ಕಾಫಿ ಅನ್ನಿಸಲಿಲ್ಲ. ಆದರೆ ಗುಂಪಿನವರು ಎರಡೆರಡು ಲೋಟ ಕುಡಿದರು, ಇಡ್ಲಿ ತಿಂದರು, ಹೂ ಕೊಂಡರು, ಹಳೇ ಪುಸ್ತಕದವರ ಹತ್ತಿರ ಚೌಕಾಸಿ ಮಾಡಿದರು. ನಾನೂ ಮನೆಯವಳಿಗೆ ಕನಕಾಂಬರ ಕಟ್ಟಿಸಿಕೊಂಡೆ. ಆ ಬೆಳಿಗ್ಗೆ ದುಡ್ಡು ಒಂದು ಕಡೆ ಬೀಳಲಿಲ್ಲ, ದಾರಿಯುದ್ದಕ್ಕೂ ಚಿಲ್ಲರೆ ಚಿಲ್ಲರೆಯಾಗಿ ಬಿತ್ತು.

ಈಗ ನಮ್ಮ ಕಡೆಗೆ ಬನ್ನಿ. ನಮ್ಮ ಟ್ರಿಪ್ ಹೇಗಿರುತ್ತದೆ? ಬೆಳಗಿನ ಜಾವ ಹೋಂಸ್ಟೇಯಿಂದ ಜನರನ್ನು ಹತ್ತಿಸಿಕೊಳ್ಳುತ್ತೇವೆ. ಮಾಂದಲಪಟ್ಟಿ. ಮಂಜು ಇದ್ದರೆ ಏನೂ ಕಾಣುವುದಿಲ್ಲ, ಮಂಜು ಇಲ್ಲದಿದ್ದರೆ ಮಂಜಿಲ್ಲ ಅಂತ ಬೇಜಾರು. ವಾಪಸ್ ಬರುವಾಗ ಅಬ್ಬಿ. ಸಂಜೆ ರಾಜಾಸೀಟಿನಲ್ಲಿ ಸೂರ್ಯಾಸ್ತ. ಮಾರನೇ ದಿನ ದುಬಾರೆ, ನಿಸರ್ಗಧಾಮ, ಬೈಲುಕುಪ್ಪೆ ನೋಡಿಕೊಂಡು ಮೈಸೂರು ದಾರಿ. ಮಡಿಕೇರಿ ಅನ್ನುವ ಊರನ್ನು ಅವರು ನೋಡುವುದು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ, ಕಿಟಕಿಯಿಂದ.

ಊರಿನಲ್ಲಿ ಹೇಳುವುದಕ್ಕೆ ಇಲ್ಲವೇ? ಕೋಟೆಯ ಒಳಗೆ ಅರಮನೆ ಇದೆ, ಹಳೇ ಚರ್ಚು ಈಗ ವಸ್ತುಸಂಗ್ರಹಾಲಯ. ಗಾರೆಯಲ್ಲಿ ಕಟ್ಟಿದ ಎರಡು ಆನೆಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಅರಮನೆಯ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಬ್ರಿಟಿಷರು ಇಳಿಸಿದರು, ಕಾಶಿಗೆ ಕಳಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್‌ಗೆ ಹೋದ, ಅಲ್ಲಿ ಆ ಹುಡುಗಿಗೆ ಜ್ಞಾನಸ್ನಾನ ಆದಾಗ ಧರ್ಮಮಾತೆಯಾಗಿ ನಿಂತದ್ದು ಸ್ವತಃ ವಿಕ್ಟೋರಿಯಾ ರಾಣಿ. ಇಷ್ಟು ದೊಡ್ಡ ಕಥೆ ಅಲ್ಲಿದೆ, ಹೇಳುವವರಿಲ್ಲ. ಕೆಳಗೆ ಇಳಿದರೆ 1820ರ ಓಂಕಾರೇಶ್ವರ. ದೇವಸ್ಥಾನಕ್ಕೆ ಗುಮ್ಮಟ ಯಾಕೆ, ಮೂಲೆಗೆ ಮಿನಾರ್ ಥರ ಯಾಕೆ ಅಂತ ಬಂದವರು ಕೇಳುತ್ತಾರೆ. ನಾವು ಪಾರ್ಕಿಂಗ್ ಹುಡುಕುತ್ತಿರುತ್ತೇವೆ. ಮಹದೇವಪೇಟೆ ದಾಟಿ ಹೋದರೆ ಗದ್ದಿಗೆ, ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿ. ಇನ್ನೊಂದು ಕಡೆ ಜನರಲ್ ತಿಮ್ಮಯ್ಯ ಅವರ ಮನೆ ಸನ್ನಿಸೈಡ್, 2021ರಿಂದ ಮ್ಯೂಸಿಯಂ ಆಗಿದೆ. ಶುಕ್ರವಾರದ ಸಂತೆ ಇದೆ. ದಸರಾ ಹತ್ತಿರ ಬಂದರೆ ದಶಮಂಟಪಗಳ ಕೆಲಸ ನಡೆಯುವ ಶೆಡ್ಡುಗಳಿವೆ, ಅದನ್ನು ನೋಡುವುದಕ್ಕೇ ಟಿಕೆಟ್ ಇಡಬಹುದು.

ಮಡಿಕೇರಿಯಲ್ಲಿ ಸೈಕಲ್ಲಾ ಅಂತ ನಮ್ಮ ಸ್ಟ್ಯಾಂಡಿನಲ್ಲಿ ನಗುತ್ತಾರೆ. ನಗಲಿ. 1,100 ಮೀಟರಿಗಿಂತ ಎತ್ತರದ ಊರು, ಕೋಟೆಯಿಂದ ಯಾವ ಕಡೆ ಹೋದರೂ ಇಳಿಜಾರು, ಹಾಗೇ ವಾಪಸ್ ಬರುವಾಗ ಏರು. ಸಾಮಾನ್ಯ ಸೈಕಲ್ ಇಲ್ಲಿ ಕಷ್ಟ ಅಂತ ನನಗೂ ಗೊತ್ತು. ಬ್ಯಾಟರಿ ಸೈಕಲ್ ಆಗುತ್ತದೆ. 250 ವ್ಯಾಟ್ ಒಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ಮೀರದ ವೇಗ ಇದ್ದರೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಅದೂ ಆಗದಿದ್ದರೆ ನಡಿಗೆ. ಕೋಟೆ, ಓಂಕಾರೇಶ್ವರ, ಮಹದೇವಪೇಟೆ, ಗದ್ದಿಗೆ, ಇಷ್ಟು ಬೆಳಗಿನ ಹೊತ್ತು ಆರಾಮಾಗಿ ನಡೆಯಬಹುದು.

ನಿಜವಾದ ಸೈಕಲ್ ದಾರಿ ಇರುವುದು ಕುಶಾಲನಗರದಲ್ಲಿ. ಮಡಿಕೇರಿಯಿಂದ 30 ಕಿಲೋಮೀಟರ್ ಇಳಿದರೆ ಸಮತಟ್ಟು ನೆಲ. ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಗೆ ಜಿಲ್ಲೆಯೂ ಬದಲು. ಅಲ್ಲಿಂದ ಮೆಕ್ಕೆಜೋಳದ ಹೊಲಗಳ ನಡುವೆ ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪುಗಳು. ಜನ ಗೋಲ್ಡನ್ ಟೆಂಪಲ್ ಅನ್ನುವ ನಮ್ಡ್ರೋಲಿಂಗ್ ಮಠಕ್ಕೆ ಬಂದು, ಅರ್ಧ ಗಂಟೆ ನೋಡಿ, ಮೊಮೊ ತಿಂದು ಹೋಗುತ್ತಾರೆ. 1960ರ ದಶಕದ ಶುರುವಿನಲ್ಲಿ ಟಿಬೆಟನ್ನರು ಇಲ್ಲಿಗೆ ಬಂದಾಗ ಕಾಡು ಕಡಿದು ಹೊಲ ಮಾಡಿದ್ದು ಹೇಗೆ ಅನ್ನುವುದನ್ನು ಆ ಕ್ಯಾಂಪಿನಲ್ಲೇ ಹುಟ್ಟಿ, ನಮ್ಮಷ್ಟೇ ಚೆನ್ನಾಗಿ ಕನ್ನಡ ಮಾತಾಡುವ ಹುಡುಗನೊಬ್ಬ ಹೊಲದ ಬದಿಯಲ್ಲಿ ಸೈಕಲ್ ನಿಲ್ಲಿಸಿ ಹೇಳಿದರೆ ಹೇಗಿರುತ್ತದೆ, ಯೋಚಿಸಿ. ಈ ಕಡೆ ಹಾರಂಗಿವರೆಗೂ ಹೋಗಬಹುದು.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ ಕಡೆ ಇದು ನಡೆಯುವುದಿಲ್ಲ, ಆ ಮಳೆಯಲ್ಲಿ ಸೈಕಲ್ ಹತ್ತಿಸಿದರೆ ಪಾಪ ಬರುತ್ತದೆ. ಸುಂಟಿಕೊಪ್ಪ, ಸಿದ್ದಾಪುರದ ತೋಟದ ದಾರಿಗಳಲ್ಲಿ ಬೆಳಗಿನ ಜಾವ, ಸಂಜೆ ಆನೆ ಇರುತ್ತದೆ. ಅಲ್ಲಿ ಯಾರೂ ಆ್ಯಪ್ ನೋಡಿಕೊಂಡು ಒಬ್ಬೊಬ್ಬರೇ ತುಳಿಯುವ ಹಾಗಿಲ್ಲ. ಊರಿನವರು ಜೊತೆಗೆ ಬೇಕೇ ಬೇಕು. ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ನೋಡಿದ್ದೇನೆ, ಸಮತಟ್ಟಾದ ನಗರಕ್ಕೆ ಅದು ಒಳ್ಳೆಯ ಯೋಜನೆ. ಹಾಗಂತ ನಮ್ಮಲ್ಲೂ ಒಂದು ಸ್ಟ್ಯಾಂಡ್ ಕಟ್ಟಿ, ಸೈಕಲ್ ಸಾಲಾಗಿ ನಿಲ್ಲಿಸಿ, ರಿಬ್ಬನ್ ಕತ್ತರಿಸಿ ಹೋಗಬೇಡಿ. ಮಳೆಗೆ ತುಕ್ಕು ಹಿಡಿಯುತ್ತದೆ ಅಷ್ಟೇ. ಮೊದಲು ಬೇಕಾದದ್ದು ತೋರಿಸುವ ಜನ.

ಜನ ಇದ್ದಾರೆ. ಮಳೆಗಾಲದಲ್ಲಿ ಮಾಂದಲಪಟ್ಟಿ ದಾರಿ ಕೆಟ್ಟು ಜೀಪು ನಿಂತಾಗ ನಮ್ಮ ಚಾಲಕರು ಏನು ಮಾಡುತ್ತಾರೆ ಹೇಳಿ? ಸ್ಟ್ಯಾಂಡಿನಲ್ಲಿ ಕೂತು ಫೋನ್ ನೋಡುತ್ತಾರೆ. ಆ ತಿಂಗಳುಗಳಲ್ಲಿ ಪ್ರವಾಸೋದ್ಯಮ ಇಲಾಖೆಯವರು ಒಂದು ತರಬೇತಿ ಇಡಲಿ. ಕೋಟೆ ಮ್ಯೂಸಿಯಂನವರು, ಕಾಲೇಜಿನ ಇತಿಹಾಸದ ಮೇಷ್ಟ್ರುಗಳು ಬಂದು ಪಾಠ ಹೇಳಲಿ. ಪ್ರಥಮ ಚಿಕಿತ್ಸೆ, ಸ್ವಲ್ಪ ಇಂಗ್ಲಿಷ್, ಸ್ವಲ್ಪ ಹಿಂದಿ, ಗುಂಪನ್ನು ಹೇಗೆ ನಡೆಸಬೇಕು ಅನ್ನುವುದು, ಇಷ್ಟು ಸಾಕು. ಪಾಸಾದವರಿಗೆ ಒಂದು ಬ್ಯಾಡ್ಜ್, ದರ ನಿಗದಿ. ಹೆಣ್ಣುಮಕ್ಕಳೂ ಬರಲಿ. ಬೆಂಗಳೂರಿನಲ್ಲಿ ಹಿಂದಿನ ಸೈಕಲ್ ಹಿಡಿದಿದ್ದ ಹುಡುಗಿ ಒಬ್ಬರೂ ಹಿಂದೆ ಬೀಳದ ಹಾಗೆ ನೋಡಿಕೊಂಡಳು, ಚೈನ್ ಕಳಚಿದಾಗ ಅವಳೇ ಹಾಕಿದಳು. ನಮ್ಮ ಹೋಂಸ್ಟೇಗಳಲ್ಲಿ ಅಡುಗೆ ಮನೆಯಿಂದ ಆಚೆ ಬಾರದ ಎಷ್ಟೋ ಹೆಣ್ಣುಮಕ್ಕಳಿಗೆ ಊರಿನ ಕಥೆ ಗಂಡಸರಿಗಿಂತ ಚೆನ್ನಾಗಿ ಗೊತ್ತು.

ನಾನು ಸುಮ್ನೆ ಕೂತಿಲ್ಲ. ಈಗ ಅಬ್ಬಿಯಿಂದ ವಾಪಸ್ ಬರುವಾಗ ಕೇಳದಿದ್ದರೂ ಗದ್ದಿಗೆ ಹತ್ತಿರ ಜೀಪು ನಿಲ್ಲಿಸುತ್ತೇನೆ. ಹತ್ತು ನಿಮಿಷ ಅಂತ ಇಳಿಸಿ, ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಕೆಲವರು ಆಕಳಿಸುತ್ತಾರೆ, ಊಟಕ್ಕೆ ಹೊತ್ತಾಯಿತು ಅನ್ನುತ್ತಾರೆ. ಮೊನ್ನೆ ಹುಬ್ಬಳ್ಳಿಯಿಂದ ಬಂದ ಒಂದು ಕುಟುಂಬ ಮಾತ್ರ ರಾಜಾಸೀಟ್ ಬಿಟ್ಟು, ಓಂಕಾರೇಶ್ವರ, ಕೋಟೆ ಎಲ್ಲ ತೋರಿಸಿ ಅಂತ ಹಠ ಹಿಡಿಯಿತು. ಅಜ್ಜಿಗೆ ಗೌರಮ್ಮನ ಕಥೆ ಇನ್ನೂ ಬೇಕಿತ್ತು, ನನ್ನ ಹತ್ತಿರ ಅಷ್ಟೇ ಇತ್ತು. ಹೊರಡುವಾಗ ಬಾಡಿಗೆಯ ಮೇಲೆ ದುಡ್ಡು ಕೊಟ್ಟು, ಇದು ಗಾಡಿಗಲ್ಲಪ್ಪ, ನಿನ್ನ ಮಾತಿಗೆ ಎಂದರು.

ಕುಶಾಲನಗರದಲ್ಲಿ ಸೈಕಲ್ ಅಂಗಡಿ ಇಟ್ಟವರು, ಕೊಪ್ಪದ ಕಡೆಯ ಹುಡುಗರು, ಹೋಂಸ್ಟೇ ನಡೆಸುವವರು ಯಾರಾದರೂ ಮುಂದೆ ಬಂದರೆ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ಪ್ರಯೋಗ ಮಾಡಿ ನೋಡಬಹುದು. ಇಲಾಖೆಗೆ ಕಾಯಬೇಕಿಲ್ಲ. ಮುಂದಿನ ಸೈಕಲ್ ಯಾರಾದರೂ ಎಳೆಯರು ಹಿಡಿಯಲಿ. ಹಿಂದಿನದಕ್ಕೆ ನಾನು ಬರುತ್ತೇನೆ, ಚೈನ್ ಹಾಕುವುದು ನನಗೂ ಬರುತ್ತದೆ.

ಇಂತಿ,
ಒಬ್ಬ ಜೀಪು ಚಾಲಕ
ಮಡಿಕೇರಿ